ಇಳಿಸದ ಕೈ

ಕಂಪ್ಯೂಟರಿನ ಪರದೆಯ ಮೇಲಿನ ಅಂಕಿ ಬದಲಾಗುವುದರೊಳಗೆ ಕಾರ್ಖಾನೆಯ ಮ್ಯಾನೇಜರ್ ಶ್ರೀಪಾಲ ಸಾಹೇಬರು ಎರಡು ಸಲ ಗಡಿಯಾರ ನೋಡಿಕೊಂಡರು.

“ಮಾಳಪ್ಪ ಬಾಯ್ಲರ್ ಮ್ಯಾಲಿಂದ ಇಳದ ಬಂದು, ನೀರ ಎಷ್ಟೈತಿ ಹೇಳಿ, ಚಾ ಕುಡದ ಹೋದ್ರೂ ಇದು ಇನ್ನೂ ಇಚಾರ ಮಾಡಾಕತ್ತಿರತೈತಿ.”

ತ್ರಿಶಲಾ ನಗಲಿಲ್ಲ. ಗೋಕಾಕದಿಂದ ಬಸ್ಸಿನಲ್ಲಿ ಬರುವಾಗ ಕಿಟಕಿಯ ಸರಳಿಗೆ ತಲೆಯಾನಿಸಿ ತೂಕಡಿಸಿದ್ದಳು. ಹಣೆಯ ಮೇಲೆ ಅದರ ಗುರುತು ಇನ್ನೂ ಇತ್ತು. ಕೊಣ್ಣೂರಿನಾಚೆಯ ಈ ಸಕ್ಕರೆ ಕಾರ್ಖಾನೆಯಲ್ಲಿ ಸೋಮವಾರ ಕಬ್ಬಿನ ಹಂಗಾಮು ಶುರುವಾಗುವುದಿತ್ತು. ಅಷ್ಟರೊಳಗೆ ಬಾಯ್ಲರಿನ ನೀರಿನ ಮಟ್ಟವನ್ನು ಅವಳ ಕಂಪ್ಯೂಟರೇ ಅಳೆದು ಪಂಪಿಗೆ ಹೇಳಬೇಕು. ಅದು ಹೇಳುತ್ತಿತ್ತು, ತಡವಾಗಿ.

ಎಲ್ಲಿ ತಡವಾಗುತ್ತದೆಂದು ಅವಳಿಗೆ ಗೊತ್ತಿತ್ತು. ನೀರು ಅಳೆಯುವುದು ಒಂದು ಪ್ರೋಗ್ರಾಮು, ಪಂಪು ನಡೆಸುವುದು ಇನ್ನೊಂದು, ಕಾಗದದ ಮೇಲೆ ಅಚ್ಚು ಹಾಕುವುದು ಮತ್ತೊಂದು. ಬೆಳಗಾವಿಯಲ್ಲಿ ಎಂ.ಇ. ಓದುವಾಗ ಅವಳೇ ಬರೆದ ಮೈಕ್ರೋಕರ್ನಲ್ ಎಂಬ ಪುಟ್ಟ ತಿರುಳು ಇವನ್ನೆಲ್ಲ ಬೇರೆ ಬೇರೆ ಕೋಣೆಗಳಲ್ಲಿ ಇಟ್ಟಿತ್ತು. ಒಂದರ ಕೋಣೆಯೊಳಗೆ ಇನ್ನೊಂದು ಇಣುಕುವಂತಿಲ್ಲ. ಹೇಳುವುದೇನಿದ್ದರೂ ತಿರುಳಿನ ಕೈಗೆ ಕೊಡಬೇಕು. ಅದು ತನ್ನ ಬಳಿ ಒಂದು ನಕಲು ಬರೆದಿಟ್ಟುಕೊಂಡು, ಆಚೆಯವರ ಸರದಿ ಬಂದಾಗ ಮತ್ತೆ ನಕಲು ಮಾಡಿ ಕೊಡುತ್ತದೆ. ಸಾವಿರಾರು ಸಂದೇಶಗಳು ಹೀಗೆ ಸಾಲುಗಟ್ಟಿ ನಿಲ್ಲುತ್ತಿದ್ದವು.

“ಒಂದ ಮನ್ಯಾಗ ಇದ್ದವ್ರು ಬಾಗಲಾ ಹಾಕ್ಕೊಂಡು ಚೀಟಿ ಕಳಸ್ತಾರೇನ್ರಿ ಮೇಡಂ?” ಎಂದರು ಸಾಹೇಬರು. “ಗ್ವಾಡಿ ಕೆಡವ್ರಿ. ಎಲ್ಲಾ ಕೂಡಿ ಒಂದ ಪ್ರೋಗ್ರಾಮ್ ಮಾಡ್ರಿ.”

“ಒಬ್ಬರ ಬ್ಯಾನಿ ಎಲ್ಲಾರಿಗೂ ಹತ್ತತೈತ್ರಿ. ಮೊನ್ನಿ ಕಾಗದ ಸಿಕ್ಕೊಂಡು ಪ್ರಿಂಟರಿನ ಪ್ರೋಗ್ರಾಮ್ ಸತ್ತಿತ್ತಲ್ರಿ. ಗ್ವಾಡಿ ಇಲ್ಲದಿದ್ರ ನೀರ ಅಳಿಯೂದೂ ಅದರ ಜೋಡಿ ಸಾಯ್ತಿತ್ತು. ಹಂಗಾಮಿನ್ಯಾಗ ಹಿಂಗಾದ್ರ ಪಂಪ್ ನಿಂತು, ಬಾಯ್ಲರ್ ಒಣಗಿ…”

“ಸಾಯಲಿಲ್ಲಲ್ಲ?”

“ಗ್ವಾಡಿ ಇತ್ತಲ್ರಿ.”

“ನಿಮ್ಮ ಜೋಡಿ ಮಾತಾಡಿದ್ರ ಸಕ್ರಿ ಸೈತ ಸಪ್ಪಗ ಆಗತೈತಿ.” ಸಾಹೇಬರು ಎದ್ದರು. “ಶನಿವಾರ ಮಟಾ ನೋಡ್ತೇನಿ. ಆಮ್ಯಾಲ ನಾನ ಬ್ಯಾರೆಯವ್ರನ್ನ ಕರಿಸಿ ಕೆಡವಸ್ತೇನಿ.”

ಅವಳು ಬಾಯ್ಲರ್ ಮನೆಗೆ ಹೋಗಿ ಗೋಡೆಗೆ ಬೆನ್ನು ಹಚ್ಚಿ ನಿಂತಳು. ಪರೀಕ್ಷೆಗೆಂದು ಉರಿ ಹಾಕಿದ್ದರು; ಸೋಮವಾರದ ತನಕ ಪಂಪು ಕೈಯಿಂದಲೇ ನಡೆಯಬೇಕಿತ್ತು. ಹಬೆಯ ಸದ್ದಿನಲ್ಲಿ ಮೇಲಿನವರ ಮಾತು ಕೆಳಗಿನವರಿಗೆ ಕೇಳುವಂತಿರಲಿಲ್ಲ. ಮೇಲೆ ಕಬ್ಬಿಣದ ಅಟ್ಟದಲ್ಲಿ, ನೀರು ಕಾಣುವ ಗಾಜಿನ ನಳಿಗೆಯ ಪಕ್ಕ ನಿಂತ ಮಾಳಪ್ಪ ನಾಲ್ಕು ಬೆರಳು ಎತ್ತಿದ: ನೀರು ನಾಲ್ಕನೆಯ ಗೆರೆಯಲ್ಲಿದೆ. ಕೆಳಗೆ ಪಂಪಿನ ಬಳಿ ಹಣಮಂತ ತಾನೂ ನಾಲ್ಕು ಬೆರಳು ತೋರಿಸಿ, ಆ ಕ್ಷಣವೇ ಗಾಲಿ ತಿರುಗಿಸಿದ. ಮಾಳಪ್ಪನ ಕೈ ಇಳಿಯಿತು. ದಿನವೂ ಕಂಡದ್ದೇ. ಇವತ್ತು ಮಾತ್ರ ಅವಳು ಕಣ್ಣು ತೆಗೆಯಲಿಲ್ಲ.

ಮಾಳಪ್ಪ ನೀರು ಕುಡಿಯಲು ಹಣಮಂತನ ಬಳಿಗೆ ಇಳಿದು ಬಂದಾಗ ಹತ್ತಿರ ಹೋಗಿ ಕೇಳಿದಳು: “ಕಾಕಾ, ಚೀಟಿ ಬರದ ಕಳಸೂದಿಲ್ಲೇನ್ರಿ?”

“ನಾಕ ಬಟ್ಟು ತೋರಸಾಕ ಎಲ್ಲೀ ಚೀಟ್ರಿ ಅಕ್ಕಾರ? ಸಂತಿ ಸಾಮಾನಿದ್ರ ಬರೀಬೇಕು. ಬರದ್ರೂ ಹಣಮಂತಂಗ ಎಲ್ಲಿ ಓದಾಕ ಬರತೈತಿ!”

“ಬರತೈತಿ ಬಿಡೊ, ನಿನ್ನ ಅಕ್ಷರ ಯಾರಿಗೂ ತಿಳಿಯೂದಿಲ್ಲ,” ಎಂದ ಹಣಮಂತ.

“ಮತ್ತ ಒಮ್ಮೊಮ್ಮೆ ಕೈ ಅಷ್ಟೊತ್ತು ಯಾಕ ಎತ್ತಿರತೀರಿ?”

“ಅಂವ ತಿರಗಿ ತೋರಸೂ ತನಕಾ ಇಳಸೂದಿಲ್ರಿ. ನೋಡ್ಯಾನೋ ಇಲ್ಲೋ ಹೆಂಗ ಗೊತ್ತಾಗಬೇಕು?” ಮಾಳಪ್ಪ ಭುಜ ತಿಕ್ಕಿಕೊಂಡ. “ತೋಳ ಸೋಲ್ತಾವ, ಖರೆ.”

ನೀರಿನ ಮಟ್ಟವೆಂದರೆ ಒಂದೇ ಒಂದು ಅಂಕಿ. ಅದನ್ನು ಯಾಕೆ ಎರಡು ಸಲ ನಕಲು ಮಾಡಬೇಕು? ಪ್ರೊಸೆಸರು ಲೆಕ್ಕ ಮಾಡುವಾಗ ಕೆಲವು ಅಂಕಿಗಳನ್ನು ತನ್ನ ಅಂಗೈಯಲ್ಲೇ ಹಿಡಿದಿರುತ್ತದೆ. ಚಿಕ್ಕ ಸಂದೇಶ ಹಾಗೇ ಕೈಯಲ್ಲಿ ದಾಟಲಿ. ಸಾಲಿನಲ್ಲಿ ನಿಲ್ಲಿಸದೆ, ಕಳಿಸಿದವರ ಸರದಿಯನ್ನು ಆಗಲೇ ಪಡೆಯುವವರಿಗೆ ಕೊಡಲಿ; ಅವರು ತಿರುಗಿ ಹೇಳುವ ತನಕ ಕಳಿಸಿದವರು ಕೈ ಇಳಿಸದಿರಲಿ. ಉದ್ದನೆಯವು ಮಾತ್ರ ಹಳೆಯ ದಾರಿಯಲ್ಲಿ ಹೋಗಲಿ. ಗೋಡೆ ಮುಟ್ಟಬೇಕಾಗಿಲ್ಲ.

ಹೇಳಲು ಸುಲಭವಿತ್ತು. ತಿರುಳನ್ನು ಬಿಚ್ಚಿ ಮತ್ತೆ ಹೊಲಿಯುವುದರಲ್ಲಿ ಆ ವಾರ ಕಳೆಯಿತು. ಸರಿಹೋದ ಮೇಲೂ ಅವಳಿಗೆ ನಂಬಿಕೆ ಬರಲಿಲ್ಲ. ಬಸ್ಸು ಹತ್ತಿದವಳು, ಏನೋ ಮರೆತಂತಾಗಿ, ಇಳಿದು ವಾಪಸು ಬಂದು ಎಲ್ಲವನ್ನೂ ಇನ್ನೊಮ್ಮೆ ಪರೀಕ್ಷಿಸಿದಳು.

ಶನಿವಾರ ಸಾಹೇಬರು ಪರದೆಯ ಮುಂದೆ ಕುಳಿತರು. ಕಿಟಕಿಯಾಚೆ ಮಾಳಪ್ಪನ ಕೈ ಏಳುವುದೂ ಒಳಗೆ ಅಂಕಿ ಬದಲಾಗುವುದೂ ಒಟ್ಟಿಗೇ ಆಯಿತು. ಇನ್ನೊಮ್ಮೆ ನೋಡಿದರು. ಗಡಿಯಾರ ನೋಡಲಿಲ್ಲ.

ತ್ರಿಶಲಾ ಕೀಲಿಮಣೆ ಎಳೆದುಕೊಂಡು, ಅಚ್ಚು ಹಾಕುವ ಪ್ರೋಗ್ರಾಮನ್ನು ತಾನೇ ಬೇಕೆಂದು ಕೊಂದಳು. ಪ್ರಿಂಟರು ಅರ್ಧ ಸಾಲಿಗೆ ನಿಂತಿತು. ಅವಳು ಅಂಕಿ ನೋಡಿದಳು. ನಾಲ್ಕು. ಮೂರು. ನಾಲ್ಕು.

“ಪ್ರಿಂಟರ್ ನಿಂತತಲ್ರಿ ಮೇಡಂ?”

“ಹೌದ್ರಿ. ಅದೊಂದ ನಿಂತತಿ.”

ಸಾಹೇಬರು ಅವಳ ಮುಖವನ್ನೂ ಪ್ರಿಂಟರನ್ನೂ ನೋಡಿದರು. “ಇರ್ಲಿ ಬಿಡ್ರಿ ನಿಮ್ಮ ಗ್ವಾಡಿ. ಲಗೂ ಬರಾಕತ್ತೈತಿ, ಸಾಕು. ಸೋಮವಾರ ಪೂಜಿಗೆ ಮಂದಿ ಬರ್ತಾರ, ಪ್ರಿಂಟರ್ ಅಷ್ಟ ರಿಪೇರಿ ಮಾಡಸ್ರಿ.”

“ಆತ್ರಿ,” ಎಂದಳು.

ಬಸ್ಸಿನ ಹೊತ್ತಾಗಿತ್ತು. ಬಾಯ್ಲರ್ ಮನೆಯ ಬಾಗಿಲು ದಾಟುವಾಗ ಒಳಗೆ ನೋಡಿದಳು. ಮಾಳಪ್ಪ ಮೂರು ಬೆರಳು ಎತ್ತಿ ನಿಂತಿದ್ದ. ಹಣಮಂತ ಬೆನ್ನು ತಿರುಗಿಸಿ ಕೈಗೆ ಹತ್ತಿದ ಎಣ್ಣೆ ಒರೆಸಿಕೊಳ್ಳುತ್ತಿದ್ದ. ರಸ್ತೆಯಲ್ಲಿ ಬಸ್ಸು ಬಂದು ಹಾರ್ನ್ ಹೊಡೆಯಿತು. ಆ ಕೈ ಇಳಿಯುವ ತನಕ ಅವಳು ಬಾಗಿಲಲ್ಲೇ ನಿಂತಳು.