ನಿಮ್ಮನೇಲಿ ಕೇಸ್ ಐತಂತೆ

ಒಳಗಿನಿಂದ ಚಿಲಕ ಬಿದ್ದ ಸದ್ದು, ಹಾಡಹಗಲಲ್ಲಿ, ಅದೂ ನರ್ಮದಾಳ ಮುಖದ ಮುಂದೆಯೇ — ಆರೋಗ್ಯ ಇಲಾಖೆಯವಳು ಬಂದರೆ ಬರ್ರೀ ಮೇಡಂ, ಮಜ್ಜಿಗೆ ಕುಡೀರಿ ಅನ್ನುವ ಊರಿದು, ಅಂಜನಾಪುರದ ಕಡೆಯ ಜನ ಎಂದೂ ಹೀಗೆ ಮಾಡಿದವರಲ್ಲ, ಹಿಂದೆ ಪೇದೆ ನಾಗೇಶ ಟೋಪಿ ತೆಗೆದು ಕಂಕುಳಲ್ಲಿಟ್ಟುಕೊಂಡು ನಿಂತಿದ್ದಾನೆ, ತೆಗೆದರೇನು, ಖಾಕಿ ಖಾಕಿಯೇ. ನಾನೇನ್ ಜೋರು ಮಾಡ್ಲಿಲ್ರೀ ಮೇಡಂ, ಹಾಲಿನ ಡೇರಿ ಹತ್ರ ಕೇಳ್ದೆ, ವನಜಮ್ಮ ತಿಂಗಳಿಂದ ಕೆಮ್ತಾಳೆ ಅಂದ್ರು, ನಿನ್ನೆ ಬಾಗ್ಲಾಗ ನಿಂತು ನಿಮ್ಮನೇಲಿ ಕೇಸ್ ಐತಂತೆ ಅಂದೆ, ಅಷ್ಟೇ, ನೀವೇ ಹೇಳಿದ್ರಲ್ಲ, ಅಂತಾನೆ ನಾಗೇಶ. ಹೌದು, ಹೇಳಿದ್ದಳು, ಮೊನ್ನೆ ಶಿಕಾರಿಪುರದಲ್ಲಿ, ಪೊಲೀಸರಿಗೆಂದು ನಡೆದ ಕ್ಷಯರೋಗದ ತರಬೇತಿಯಲ್ಲಿ, ಎಲ್ಲರೂ ಆಕಳಿಸುತ್ತಿದ್ದರು, ಆಗ ಹೊಳೆಯಿತು, ಕಳ್ಳತನ ಆದ್ಮೇಲೆ ಹಿಡಿಯೋದೊಂದೇ ನಿಮ್ ಕೆಲಸವೇನ್ರೀ, ಆಗದ ಹಾಗೆ ಬೀಟ್ ತಿರುಗಲ್ವಾ, ಸಾರ್ವಜನಿಕ ಆರೋಗ್ಯ ಅಂದ್ರೆ ಆ ಬೀಟು — ಆಕಳಿಕೆ ನಿಂತಿತು, ನಗು ಬಂತು, ಅವಳಿಗೂ ಹುರುಪು ಬಂತು, ಬಾಯಿ ಸುಮ್ಮನಿರಬೇಕಲ್ಲ, ಕೆಮ್ಮೋರು ಹೇಳ್ಕೊಳ್ಳಲ್ಲ, ಮನೇಲೇ ಅಡಗಿರ್ತಾರೆ, ಹುಡುಕಿ, ಒಂದು ಕೇಸೂ ಕೈ ತಪ್ಪಬಾರದು. ಚಪ್ಪಾಳೆ. ಅವಳಿಗೆ ಕೇಸ್ ಅಂದರೆ ರೋಗಿ, ಓದುವಾಗಿನಿಂದಲೂ ರೋಗಿಯೇ, ಎದುರಿಗೆ ಕೂತ ಖಾಕಿಯವರಿಗೆ ಕೇಸ್ ಅಂದರೇನು ಅನ್ನುವುದು ತಲೆಗೇ ಬರಲಿಲ್ಲವಲ್ಲ, ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು, ನಾಗೇಶನ ತಪ್ಪೇನು ಪಾಪ, ಮಿಕ್ಕವರು ಊಟದ ಹೊತ್ತಿಗೇ ಮರೆತದ್ದನ್ನು ಅವನೊಬ್ಬ ನೆನಪಿಟ್ಟುಕೊಂಡ.

ಬಾಗ್ಲು ತೆಗೀರಿ ವನಜಮ್ಮ, ಇದು ಆ ಕೇಸಲ್ಲ, ಒಂಚೂರು ಕಫ ಕೊಟ್ರೆ ಸಾಕು, ಮಾತ್ರೆ ಪುಕ್ಕಟೆ, ಗುಣ ಆಗುತ್ತೆ. ಒಳಗಿನಿಂದ ದನಿ, ನಮ್ ಯಜಮಾನ್ರು ಹೊಲದ ಬದುವಿನ ಕೇಸಿಗೆ ಕೋರ್ಟಿಗೆ ಅಲೆದೂ ಅಲೆದೂ ತೀರ್ಕೊಂಡ್ರು, ಇನ್ನೊಂದು ಕೇಸು ಬ್ಯಾಡ್ರವ್ವ, ನಮ್ಮನೇಲಿ ಯಾರೂ ಕೆಮ್ಮಲ್ಲ. ಕೆಮ್ಮಲ್ಲವಂತೆ — ಮಾತ್ರೆ ನುಂಗದಿದ್ದರೆ ಉಳಿಯುತ್ತಾಳೆಯೇ, ಮಗ್ಗುಲಲ್ಲೇ ಮಲಗುವ ಮೊಮ್ಮಗಳ ಗತಿ ಏನು, ನಾಗೇಶ, ನೀವು ಬೈಕ್ ಹತ್ರ ಹೋಗಿ, ಹೋದ, ಬಾಗಿಲು ಮಾತ್ರ ಹಾಗೇ ಇದೆ, ಮಧ್ಯಾಹ್ನ ಸೊರಬದ ಪೊಲೀಸರಿಗೆ ಇದೇ ತರಬೇತಿ, ಏನೆಂದು ಹೇಳುವುದು, ಕೇಸ್ ಅನ್ನದೆ, ಕಳ್ಳ ಅನ್ನದೆ, ನಗಿಸದೆ — ಕಿಟಕಿಯ ಸಂದಿಯಲ್ಲಿ ಕಂಡಿತು, ವನಜಮ್ಮ ಸೆರಗನ್ನು ಬಾಯಿಗೆ ತುರುಕಿಕೊಂಡಿದ್ದಾಳೆ, ಕೆಮ್ಮು ಒತ್ತಿ ಬಂದಿದೆ, ಬಿಡುತ್ತಿಲ್ಲ, ಹೆಗಲು ಅದುರುತ್ತಿವೆ, ಸೊರಬದ ಬಸ್ಸಿಗೆ ಹೊತ್ತಾಯಿತು, ಸೆರಗು, ಚಪ್ಪಾಳೆಗೆ ಹಿಗ್ಗಿದೆನಲ್ಲ, ನಾಚಿಕೆಯಾಗಬೇಕು ನನಗೆ, ಬಾಯಿ ತುಂಬ ಸೆರಗು, ಕೆಮ್ಮಿಬಿಡಿ ವನಜಮ್ಮ, ಯಾರೂ ಹಿಡ್ಕೊಂಡು ಹೋಗಲ್ಲ, ಸೆರಗು — ಅವಳ ಪಕ್ಕದಲ್ಲಿ ಮೊಮ್ಮಗಳು, ಲಂಗದ ಅಂಚನ್ನು ಬಾಯಿಗೆ ತುರುಕಿಕೊಂಡು, ಪುಟ್ಟ ಹೆಗಲು ಅದುರುತ್ತಾ,