ಹಲ್ಲಿಗೆ ಕೇಳಿದ ಸ್ವರ

ನಮ್ಮ ಭಾವ ಹಾರ್ಮೋನಿಯಂ ರಿಪೇರಿ ಮಾಡುತ್ತಾರೆ. ಹಾರ್ಮೋನಿಯಂ ಒಂದೇ ಅಲ್ಲ, ಅಕಾರ್ಡಿಯನ್, ಶ್ರುತಿಪೆಟ್ಟಿಗೆ, ಮೌತ್ ಆರ್ಗನ್, ಹೀಗೆ ಒಳಗೊಂದು ಹಿತ್ತಾಳೆಯ ರೀಡಿದ್ದು ಗಾಳಿಗೆ ಅದು ನಡುಗಿ ಸ್ವರ ಹೊರಡಿಸುವ ಯಾವ ವಾದ್ಯವಾದರೂ ಕೆಟ್ಟರೆ ಅವರ ಮೇಜಿಗೇ ಬರುತ್ತದೆ. ಅಂಗಡಿಯಲ್ಲಿ ಅವರ ಪಕ್ಕದ ಜಾಗ ನನ್ನದು. ನನ್ನ ಕೆಲಸ ತಿದಿಯದು. ರಟ್ಟು ಮಡಚಿ, ಅಂಚಿಗೆ ತೊಗಲು ಅಂಟಿಸಿ, ಗಾಳಿ ಸೋರದ ಹಾಗೆ ಮಾಡಿಕೊಡುತ್ತೇನೆ. ಒಂಬತ್ತು ವರ್ಷದಿಂದ ಹೀಗೆ ಪಕ್ಕಪಕ್ಕ ಕೂತಿದ್ದೇವೆ. ಆದರೂ ಭಾವನಿಗೆ ಕಿವಿ ಕೇಳಿಸುತ್ತಿಲ್ಲ ಎನ್ನುವುದು ನನಗೆ ಗೊತ್ತಾಗಲಿಲ್ಲ.

ಗೊತ್ತಾಗಬೇಕಿತ್ತು. ಸ್ವರ ಹೆಚ್ಚೋ ಕಡಿಮೆಯೋ ಎಂದು ಮುಳ್ಳು ಆಡಿಸಿ ತೋರಿಸುವ ಆಪ್ ಒಂದು ಮೊಬೈಲಿನಲ್ಲಿ ಸಿಗುತ್ತದೆ. ಉಪ್ಪು ನೋಡುವುದಕ್ಕೆ ನಾಲಿಗೆ ಇರುವಾಗ ತಕ್ಕಡಿ ಯಾಕೆ ಎಂದು ಅದನ್ನು ಹಂಗಿಸುತ್ತಿದ್ದವರು ಭಾವನೇ. ಈ ವರ್ಷ ನೋಡಿದರೆ ಮೊಬೈಲನ್ನು ಡಬ್ಬಿಗೆ ಒರಗಿಸಿಕೊಂಡು ಆ ಮುಳ್ಳಿನ ಮೇಲೇ ಕಣ್ಣಿಟ್ಟು ಕೆಲಸ ಮಾಡತೊಡಗಿದ್ದರು. ಕಾಲಕ್ಕೆ ತಕ್ಕ ಕೋಲ ಅಂದುಕೊಂಡೆ. ಗಿರಾಕಿಗಳು ಮಾತಾಡಿದರೆ ಅವರ ಬಾಯಿಯನ್ನೇ ದಿಟ್ಟಿಸುತ್ತಿದ್ದರು. ಮರ್ಯಾದೆ ಜಾಸ್ತಿಯಾಯಿತು ಅಂದುಕೊಂಡೆ. ಫೋನ್ ಬಂದರೆ ಕೈಗೆ ಅಂಟು ಮೆತ್ತಿದೆ ಎಂದು ನನ್ನ ಕಡೆ ತಳ್ಳುತ್ತಿದ್ದರು. ಅಂಟಿನ ಕೆಲಸ ನನ್ನದು, ಅವರದಲ್ಲ. ಅದೂ ನನಗೆ ಹೊಳೆಯಲಿಲ್ಲ.

ನಿಜ ಹೇಳಬೇಕೆಂದರೆ ಆಗ ನಾನು ಅವರನ್ನು ಸರಿಯಾಗಿ ನೋಡುತ್ತಲೇ ಇರಲಿಲ್ಲ. ಮುನಿಸಿಕೊಂಡಿದ್ದೆ. ಎರಡು ತಿಂಗಳ ಹಿಂದೆ ಅಮ್ಮನಿಗೆ ಸೊಂಟದ ಮೂಳೆ ಮುರಿದು ಆಪರೇಷನ್ ಆಗಿತ್ತು. ಆಸ್ಪತ್ರೆಯಿಂದ ನೇರ ನನ್ನ ಮನೆಗೆ ಕರೆತಂದಿದ್ದೆವು. ನನ್ನದು ಮೂರನೆಯ ಮಹಡಿ, ಲಿಫ್ಟಿಲ್ಲ. ಆಂಬುಲೆನ್ಸಿನವರು ಸ್ಟ್ರೆಚರಿನಲ್ಲಿ ಹೊತ್ತು ತಂದು ಮಲಗಿಸಿ ಹೋದರು. ಮೆಟ್ಟಿಲು ಸದ್ಯಕ್ಕೆ ಬೇಡ ಎಂದಿದ್ದರು ಡಾಕ್ಟರು. ಅಕ್ಕನ ಮನೆ ನೆಲಮಹಡಿ, ಮುಂದೆ ಜಗಲಿ, ಬೀದಿ. ಅಮ್ಮನಿಗೆ ಅಲ್ಲಾದರೆ ನಾಲ್ಕು ಹೆಜ್ಜೆ ಓಡಾಡಬಹುದು. ಆ ವಾರವೇ ಒಂದು ಸಂಜೆ ಅಕ್ಕ ಅಡುಗೆಮನೆಯಿಂದಲೇ ಭಾವನನ್ನು ಕೇಳಿದಳಂತೆ, ಅಮ್ಮನನ್ನು ಇಲ್ಲಿಗೇ ಕರೆದುಕೊಂಡು ಬರಲಾ ಎಂದು. ಭಾವ ಪೇಪರಿನಿಂದ ತಲೆ ಎತ್ತಲಿಲ್ಲ. ಇನ್ನೊಂದು ಸಲ ಕೇಳಿದಳು. ಅವರು ಹಾಳೆ ತಿರುವಿದರು. ಮೂರನೆಯ ಸಲ ಕೇಳುವ ಜಾಯಮಾನ ಅಕ್ಕನದಲ್ಲ. ಅಂದಿನಿಂದ ಆ ಮನೆಯಲ್ಲಿ 'ಊಟಕ್ಕಿಟ್ಟಿದೆ', 'ಬೀಗ ಹಾಕಿಕೊಳ್ಳಿ' ಇಷ್ಟೇ ಮಾತು. ಅಮ್ಮ ನನ್ನ ಮನೆಯ ಕಿಟಕಿಯ ಪಕ್ಕ ಕೂತು ಎದುರಿನ ಕಟ್ಟಡದ ನೀರಿನ ಟ್ಯಾಂಕು ನೋಡುತ್ತಾ ದಿನ ತಳ್ಳುತ್ತಿದ್ದಳು.

ಹೀಗಿರುವಾಗ ಗಾಳಿಪೆಟ್ಟಿಗೆಯವರ ಕೂಟ ಬಂತು. ಜನಪದ ಹಾಡುಗಳಿಗೆ ಈ ವಾದ್ಯಗಳನ್ನು ನುಡಿಸುವ ಮೂವತ್ತು ನಲವತ್ತು ಜನ ವರ್ಷಕ್ಕೊಮ್ಮೆ ಶನಿವಾರ, ಭಾನುವಾರ ಒಂದೆಡೆ ಸೇರುತ್ತಾರೆ. ನಡೆಸುವವರು ಭೂಗೋಳದ ಮೇಷ್ಟ್ರು, ನಿವೃತ್ತರು, ಅಕಾರ್ಡಿಯನ್ನಿನವರು. ರಜೆಯಲ್ಲಿ ಮುಚ್ಚಿದ ಅವರ ಹಳೆಯ ಶಾಲೆಯೇ ಜಾಗ. ಪ್ರತಿವರ್ಷ ಅಲ್ಲಿ ರಿಪೇರಿ ಮೇಜು ನಮ್ಮದು. ಮೇಷ್ಟ್ರು ಫೋನ್ ಮಾಡಿದಾಗ ಯಥಾಪ್ರಕಾರ ಎತ್ತಿದವಳು ನಾನು, ಬರುತ್ತೇವೆ ಎಂದುಬಿಟ್ಟೆ. ಭಾವನ ಮುಖ ಬಿಳಿಚಿತು. ಈ ಸಲ ಬೇಡ, ಬೆನ್ನು ನೋವು, ಅಂಗಡಿಯಲ್ಲಿ ಕೆಲಸ ಬಿದ್ದಿದೆ ಎಂದು ಏನೇನೋ ಹೇಳಿದರು. ನಾನು ಜಗ್ಗಲಿಲ್ಲ. ಎರಡು ದಿನ ಅಮ್ಮನ ಜೊತೆ ಇರಲು ಅಕ್ಕ ನನ್ನ ಮನೆಗೆ ಬಂದಳು. ನಾವು ವ್ಯಾನು ಹತ್ತಿದೆವು.

ಶನಿವಾರ ಬೆಳಿಗ್ಗೆ ಶಾಲೆಯ ಕಾರಿಡಾರಿನಲ್ಲೇ ಸದ್ದು ಎದುರಾಯಿತು. ಒಂದು ತರಗತಿಯಲ್ಲಿ ದೋಣಿಯವರ ಹಾಡು, ಪಕ್ಕದಲ್ಲಿ ಯಾರದೋ ತೊಟ್ಟಿಲ ಹಾಡು, ಮೆಟ್ಟಿಲ ಕೆಳಗೆ ಇಬ್ಬರು ಮೌತ್ ಆರ್ಗನ್ನಿನವರು ಒಬ್ಬರನ್ನೊಬ್ಬರು ಅಟ್ಟಿಸಿಕೊಂಡು ಹೋಗುವ ಹಾಗೆ ಊದುತ್ತಿದ್ದರು. ನನಗೆ ಮೈ ಹಗುರಾಯಿತು. ಭಾವ ಮಾತ್ರ ನೆಲ ನೋಡಿಕೊಂಡು ಬಂದರು.

ಮೇಷ್ಟ್ರು ಬಂದು ಕೈ ಕುಲುಕಿ ಈ ವರ್ಷದ ಹೊಸ ಏರ್ಪಾಡು ಹೇಳಿದರು. ಭಾನುವಾರ ಹನ್ನೊಂದು ಗಂಟೆಗೆ ಎಲ್ಲರೂ ಸೇರಿ ಒಂದೇ ಹಾಡು ನುಡಿಸುವುದು. ಆರು ಹಾರ್ಮೋನಿಯಂ ಇವೆ, ಆರಕ್ಕೂ ಆರು ದಾರಿ. ಹಾಡಿಗೆ ಬೇಕಾದದ್ದು ಐದೇ ಸ್ವರ. ಆ ಐದನ್ನು ಮೇಷ್ಟ್ರ ಅಕಾರ್ಡಿಯನ್ನಿಗೆ ಹೊಂದಿಸಿಕೊಡಬೇಕು. ಮೊದಲು ತಿಂಡಿ ತಿನ್ನುತ್ತೀರೋ, ಹಾರ್ಮೋನಿಯಂ ತರಿಸಲೋ ಎಂದು ಕೇಳಿದರು.

"ಹೌದು," ಅಂದರು ಭಾವ.

ಮೇಷ್ಟ್ರು ತಮಾಷೆ ಎಂದುಕೊಂಡು ನಕ್ಕು ಹೋದರು. ನಾನು ಸಿಡುಕಿದೆ, ಅದೂ ಅವರಿಗೆ ಕೇಳಿಸಲಿಲ್ಲ.

ಕಿಟಕಿಯ ಪಕ್ಕ ಮೇಜು ಹಾಕಿಕೊಂಡು ಕೂತೆವು. ರೀಡಿನ ತುದಿ ಕೆರೆದರೆ ಸ್ವರ ಏರುತ್ತದೆ, ಬುಡ ಕೆರೆದರೆ ಇಳಿಯುತ್ತದೆ. ಕೂದಲೆಳೆಯಷ್ಟು ಜಾಸ್ತಿಯಾದರೂ ಆ ರೀಡು ಹಾಳು. ಭಾವ ಮೊಬೈಲ್ ಒರಗಿಸಿಟ್ಟರು. ಆದರೆ ಆ ಗದ್ದಲದಲ್ಲಿ ಮುಳ್ಳು ಯಾರ ಸ್ವರವನ್ನು ಹಿಡಿಯಬೇಕು? ಹುಚ್ಚು ಹಿಡಿದ ಹಾಗೆ ಅತ್ತಿಂದಿತ್ತ ಕುಣಿಯಿತು. ಒಂದಷ್ಟು ಹೊತ್ತು ನೋಡಿದರು. ಆಮೇಲೆ ಒಂದು ಹಾರ್ಮೋನಿಯಂ ಎತ್ತಿಕೊಂಡು, ಮೇಷ್ಟ್ರ ಅಕಾರ್ಡಿಯನ್ನನ್ನೂ ಬಗಲಿಗೆ ಹಾಕಿಕೊಂಡು ಹೊರಟುಹೋದರು.

ಅರ್ಧ ಗಂಟೆ ಕಾದು ಹುಡುಕಿಕೊಂಡು ಹೋದೆ. ಅಡುಗೆಮನೆಯ ಹಿಂದೆ ಆಟದ ಸಾಮಾನಿಡುವ ಕೋಣೆ. ಗಾಳಿಯಿಲ್ಲದ ಚೆಂಡುಗಳು, ಮುರಿದ ಬೆಂಚು, ಸುಣ್ಣದ ಮೂಟೆ. ಭಾವ ನೆಲದ ಮೇಲೆ ಮೊಣಕಾಲೂರಿದ್ದರು. ಒಂದು ಕೈ ತಿದಿಯ ಮೇಲೆ, ಒಂದು ಕೈ ಸ್ವರದ ಮಣೆಗಳ ಮೇಲೆ. ಕತ್ತು ಬಗ್ಗಿಸಿ ಹಾರ್ಮೋನಿಯಂನ ಮರದ ಅಂಚನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದಿದ್ದರು.

ಅವರಿಗೆ ಏನೋ ಆಗಿಹೋಗಿದೆ ಅಂದುಕೊಂಡೆ. ಭಾವ ಎಂದು ಕೂಗಿದೆ, ತಿರುಗಲಿಲ್ಲ. ಹೆಗಲು ಮುಟ್ಟಿದಾಗ ಬೆಚ್ಚಿಬಿದ್ದರು. ನನ್ನನ್ನು ನೋಡಿ, ಬಾಯಿ ಒರೆಸಿಕೊಂಡು, ಸುಣ್ಣದ ಮೂಟೆಗೆ ಒರಗಿ ಕೂತರು.

"ಕಚ್ಕೊಂಡ್ರೆ ಕೇಳ್ಸುತ್ತೆ ಕಣೇ," ಅಂದರು. "ಹಲ್ಲಿಗೆ ಕೇಳ್ಸುತ್ತೆ. ಕಿವಿಗೆ ಕೇಳ್ಸಲ್ಲ."

ಆಮೇಲೆ ಎಲ್ಲ ಹೇಳಿದರು. ಆರು ತಿಂಗಳಿಂದ ಹೀಗಂತೆ. ಮೊದಲು ಬಲಗಿವಿ, ಆಮೇಲೆ ಎಡಗಿವಿ, ತಲೆಗೆ ಹತ್ತಿ ತುಂಬಿದ ಹಾಗೆ. ಅವರ ಅಪ್ಪನಿಗೂ ಅರವತ್ತಕ್ಕೇ ಕಿವಿ ಹೋಗಿತ್ತು, ತನಗೂ ಬಂತು ಎಂದು ತೀರ್ಮಾನಿಸಿಕೊಂಡಿದ್ದಾರೆ. ಡಾಕ್ಟರ ಹತ್ತಿರ ಹೋದರೆ ಅದು ಖಾತ್ರಿಯಾಗುತ್ತದಲ್ಲ, ಅದಕ್ಕೇ ಹೋಗಿಲ್ಲ. ಕಿವುಡ ಸ್ವರ ಕೂಡಿಸುತ್ತಾನೆ ಎಂದು ಗೊತ್ತಾದರೆ ಯಾರು ಪೆಟ್ಟಿಗೆ ತಂದು ಕೊಡುತ್ತಾರೆ? ಅಂಗಡಿಯಲ್ಲಿ ಮುಳ್ಳು ನೋಡಿ, ನಾನು ಮನೆಗೆ ಹೋದ ಮೇಲೆ ಬಾಗಿಲು ಹಾಕಿಕೊಂಡು ಹಲ್ಲು ಕಚ್ಚಿ ದಿನ ದೂಡಿದ್ದಾರೆ. ಹಲ್ಲು ಕಚ್ಚಿ ಎಂದರೆ ನಿಜವಾಗಿಯೂ ಹಲ್ಲು ಕಚ್ಚಿ.

ಕೇಳುತ್ತಾ ಕೇಳುತ್ತಾ ನನಗೆ ಅಡುಗೆಮನೆಯ ಮಾತು ನೆನಪಾಯಿತು. ಅವರ ಎದುರಿಗೇ ಕೂತು, ಒಂದೊಂದೇ ಅಕ್ಷರ ಬಾಯಿ ತೆರೆದು ಕೇಳಿದೆ, ಅಕ್ಕ ಅಮ್ಮನನ್ನು ಕರೆತರುವ ವಿಷಯ ಎತ್ತಿದಾಗ ಯಾಕೆ ಸುಮ್ಮನಿದ್ದಿರಿ ಎಂದು.

ಅವರು ನನ್ನ ತುಟಿಯ ಮೇಲೇ ಕಣ್ಣಿಟ್ಟು ಮುಂದಕ್ಕೆ ಬಾಗಿದರು.

"ಯಾವಾಗ ಕೇಳಿದ್ಲು?"

ನನಗೆ ಅಳುವುದೋ ನಗುವುದೋ ತಿಳಿಯಲಿಲ್ಲ. ಎರಡು ತಿಂಗಳ ಸಿಟ್ಟು ನಿಂತಲ್ಲೇ ಇಳಿದುಹೋಯಿತು. ಅಮ್ಮ ನನ್ನ ಮನೆಯಲ್ಲೇ ಇರಲು ಇಷ್ಟಪಟ್ಟಳು ಎಂದುಕೊಂಡಿದ್ದರಂತೆ ಇವರು. ಹೆಂಡತಿ ಮಾತು ಬಿಟ್ಟಿದ್ದಕ್ಕೂ ಕಾರಣ ಗೊತ್ತಿಲ್ಲ. ಕಿವಿ ಕೇಳಿಸದ ಮೇಲೆ ಎಷ್ಟು ಮಾತು ಬಿಟ್ಟಳು, ಎಷ್ಟು ತನಗೆ ಕೇಳಿಸಲಿಲ್ಲ ಎಂಬ ಲೆಕ್ಕವೂ ಸಿಕ್ಕಿರಲಿಲ್ಲ.

ಯಾರಿಗೂ ಹೇಳಬೇಡ ಎಂದು ನನ್ನಿಂದ ಮಾತು ತೆಗೆದುಕೊಂಡರು. ಕೊಟ್ಟೆ. ಕೊಟ್ಟು ಹೊರಗೆ ಬಂದವಳು ಹತ್ತು ನಿಮಿಷದಲ್ಲಿ ಮುರಿದೆ. ಮೆಟ್ಟಿಲ ಕೆಳಗೆ ಊದುತ್ತಿದ್ದ ಇಬ್ಬರಲ್ಲಿ ಒಬ್ಬರು ಕಿವಿ, ಮೂಗು, ಗಂಟಲಿನ ಡಾಕ್ಟರು, ಎಪ್ಪತ್ತರ ಹತ್ತಿರದ ಹೆಂಗಸು. ಕೂಟದವರಿಗೆಲ್ಲ ಡಾಕ್ಟರಮ್ಮ. ಅವರನ್ನು ಪಕ್ಕಕ್ಕೆ ಕರೆದು ಹೇಳಿಬಿಟ್ಟೆ. ಹಲ್ಲು ಕಚ್ಚುವುದನ್ನು ಹೇಳಿದಾಗ ಡಾಕ್ಟರಮ್ಮನ ಹುಬ್ಬು ಮೇಲೇರಿತು. ಕಾರಿನಿಂದ ಒಂದು ಚೀಲ ತೆಗೆದುಕೊಂಡು ನೇರ ಆ ಕೋಣೆಗೆ ನಡೆದರು.

ಭಾವ ನನ್ನನ್ನು ಸುಟ್ಟುಬಿಡುವ ಹಾಗೆ ನೋಡಿದರು. ಡಾಕ್ಟರಮ್ಮ ಅದಕ್ಕೆಲ್ಲ ಗಮನ ಕೊಡಲಿಲ್ಲ. ಬೆಂಚಿನ ಮೇಲೆ ಕೂರಿಸಿ, ದೀಪವಿರುವ ಕೊಳವೆಯಲ್ಲಿ ಎರಡೂ ಕಿವಿ ನೋಡಿದರು. ಚೀಲದಿಂದ, ಬಡಿದರೆ ಸ್ವರ ಹೊರಡುವ ಕಬ್ಬಿಣದ ಕವಲುಕಡ್ಡಿ ತೆಗೆದು, ಮೊಣಕಾಲಿಗೆ ಬಡಿದು, ಕಿವಿಯ ಮುಂದೆ ಹಿಡಿದರು, ಕಿವಿಯ ಹಿಂದಿನ ಮೂಳೆಗೆ ಒತ್ತಿದರು. ಯಾವುದು ಜೋರು ಎಂದು ಸನ್ನೆಯಲ್ಲೇ ಕೇಳಿದರು. ಭಾವ ಮೂಳೆ ತೋರಿಸಿದರು.

ಡಾಕ್ಟರಮ್ಮ ಕವಲುಕಡ್ಡಿ ಕೆಳಗಿಟ್ಟರು. ಭಾವನಿಗೆ ಕಾಣುವ ಹಾಗೆ ಮುಖ ಹತ್ತಿರ ತಂದರು.

"ಯಜಮಾನ್ರೇ, ನಿಮ್ಮ ಕಿವಿ ಹೋಗಿಲ್ಲ. ಮೂಳೆಗೆ ಕೇಳ್ಸುತ್ತೆ ಅಂದ್ರೆ ಒಳಗಿನ ನರ ಸರಿಯಾಗಿದೆ. ಗುಗ್ಗೆ ಕಟ್ಕೊಂಡಿದೆ. ಎರಡೂ ಕಡೆ, ಕಲ್ಲಿನ ಹಾಗೆ."

ಭಾವ ನನ್ನ ಕಡೆ ತಿರುಗಿದರು, ತುಟಿಯನ್ನು ಸರಿಯಾಗಿ ಓದಿಕೊಂಡೆನೋ ಇಲ್ಲವೋ ಎಂಬಂತೆ. ನಾನು ಒಂದು ಕಾಗದದ ಮೇಲೆ ದೊಡ್ಡದಾಗಿ 'ಗುಗ್ಗೆ' ಎಂದು ಬರೆದು ತೋರಿಸಿದೆ.

ಅವರು ಕಾಗದ ಕೈಗೆ ತೆಗೆದುಕೊಂಡರು. ಮಡಚಿ ಜೇಬಿಗಿಟ್ಟುಕೊಂಡರು. ದಿನಕ್ಕೆ ನಾಲ್ಕು ಜನಕ್ಕಾದರೂ, ರೀಡು ಸತ್ತಿಲ್ಲಪ್ಪ, ಕೆಳಗೊಂದು ಧೂಳಿನ ಕಣ ಕೂತಿದೆ ಅಷ್ಟೇ ಎಂದು ಹೇಳಿ ಕಳಿಸುವ ಮನುಷ್ಯ ಇವರು.

ಆಮೇಲೆ ಬೈಗುಳ ಬಿತ್ತು. ರೀಡು ಉಜ್ಜುವಾಗ ಸದ್ದು ಬೇಡವೆಂದು ಕಿವಿಗೆ ಹತ್ತಿ ತುರುಕುವುದು, ಸಂಜೆ ಬೆಂಕಿಕಡ್ಡಿಯಿಂದ ಕೆದಕಿ ಇನ್ನಷ್ಟು ಒಳಗೆ ತಳ್ಳುವುದು, ಇದು ಭಾವನ ವರ್ಷಗಟ್ಟಲೆಯ ಅಭ್ಯಾಸ ಎಂದು ನಾನೇ ಬಾಯಿಬಿಟ್ಟಿದ್ದೆ. ಡಾಕ್ಟರಮ್ಮ ಕಿವಿಗೆ ಬಿಡುವ ಹನಿ ಬರೆದುಕೊಟ್ಟರು. ಹನಿ ಬಿಟ್ಟ ಮೇಲೆ ಗುಗ್ಗೆ ಉಬ್ಬಿ ಇನ್ನೂ ಕಡಿಮೆ ಕೇಳಿಸುತ್ತದೆ, ಹೆದರಬೇಡಿ, ನಾಳೆ ಬೆಳಿಗ್ಗೆ ತೊಳೆಯುತ್ತೇನೆ ಎಂದರು.

ಹೇಳಿದ ಹಾಗೇ ಆಯಿತು. ಮಧ್ಯಾಹ್ನದ ಹೊತ್ತಿಗೆ ಇದ್ದದ್ದೂ ಹೋಯಿತು. ಭಾವ ಹೆದರಿದರು, ಡಾಕ್ಟರಮ್ಮನ ಮಾತು ಸಮಾಧಾನಕ್ಕೆ ಹೇಳಿದ್ದಿರಬಹುದೇ ಎಂದು ನನ್ನನ್ನು ಕೇಳಿದರು. ನನಗೂ ಒಳಗೊಳಗೇ ಅದೇ ಅಳುಕು. ಆದರೂ ಸಂಜೆಯವರೆಗೆ ಆ ಕೋಣೆಯಲ್ಲಿ ಕೂತು ಆರೂ ಹಾರ್ಮೋನಿಯಂ ಮುಗಿಸಿದರು. ನಾನು ತಿದಿ ಒತ್ತಿದೆ, ಅವರು ಕಚ್ಚಿದರು, ಕೆರೆದರು, ಮತ್ತೆ ಕಚ್ಚಿದರು.

ಭಾನುವಾರ ಬೆಳಿಗ್ಗೆ ಏಳಕ್ಕೆ ಡಾಕ್ಟರಮ್ಮ ಪರಿಚಯದ ಕ್ಲಿನಿಕ್ಕಿನಿಂದ ಸಿರಿಂಜು ತರಿಸಿಕೊಂಡು ಬಂದರು. ಹುಡುಗಿಯರ ಕೈತೊಳೆಯುವ ತೊಟ್ಟಿಯ ಪಕ್ಕ ಸ್ಟೂಲು. ಭಾವನ ಹೆಗಲಿಗೆ ಟವೆಲು, ಕಿವಿಯ ಕೆಳಗೆ ನಾನು ಹಿಡಿದ ಸ್ಟೀಲು ಬೋಗುಣಿ. ಉಗುರುಬೆಚ್ಚಗಿನ ನೀರು ನಾಲ್ಕು ಸಲ ಒಳಗೆ ಹೋಗಿ ಬರಿದೇ ಬಂತು. ಐದನೆಯ ಸಲ ಬೋಗುಣಿಗೆ ಏನೋ ಬಿತ್ತು. ಹುರಿಗಡಲೆಯಷ್ಟು ದಪ್ಪ, ಕಂದು ಬಣ್ಣ, ಹತ್ತಿಯ ಎಳೆ ಸುತ್ತಿಕೊಂಡಿತ್ತು. ಸುಂದರ ದೃಶ್ಯವಲ್ಲ. ಆದರೆ ಅಷ್ಟು ಸಂತೋಷ ಕೊಟ್ಟ ವಸ್ತುವನ್ನು ನಾನು ಹೆಚ್ಚು ನೋಡಿಲ್ಲ.

ಭಾವ ಅಲುಗಾಡದೆ ಕೂತರು. ಕಣ್ಣು ಅತ್ತಿತ್ತ ಓಡಿತು. ತೊಟ್ಟಿಯ ನಲ್ಲಿ ತೊಟ್ಟಿಕ್ಕುತ್ತಿತ್ತು, ಅದನ್ನು ನೋಡಿದರು. ಡಾಕ್ಟರಮ್ಮ ಸಿರಿಂಜಿಗೆ ನೀರು ತುಂಬಿಕೊಳ್ಳುತ್ತಿದ್ದರು, ಅವರ ಬಳೆ ನೋಡಿದರು. ನಾನು ಬೋಗುಣಿ ಚೆಲ್ಲಲು ಎರಡು ಹೆಜ್ಜೆ ಇಟ್ಟೆ.

"ನಿನ್ನ ಚಪ್ಪಲಿ ಯಾವಾಗಿಂದ ಕೀಚುಕೀಚು ಅನ್ನುತ್ತೆ?"

ಮೆಲ್ಲಗೆ ಕೇಳಿದರು. ಆರು ತಿಂಗಳಲ್ಲಿ ಅವರು ಅಷ್ಟು ಮೆಲ್ಲಗೆ ಮಾತಾಡಿರಲಿಲ್ಲ. ಇನ್ನೊಂದು ಕಿವಿಯೂ ಬಿಟ್ಟ ಮೇಲೆ ಟವೆಲಿನಲ್ಲಿ ಮುಖ ಮುಚ್ಚಿಕೊಂಡರು. ಡಾಕ್ಟರಮ್ಮ ಕಿಟಕಿಯ ಹೊರಗೆ ನೋಡುತ್ತಾ ಸಿರಿಂಜು ಒರೆಸಿದರು. ವಯಸ್ಸಿಗೆ ಸ್ವಲ್ಪ ಮಂದ ಆಗಿಯೇ ಇರುತ್ತದೆ, ಒಮ್ಮೆ ಪರೀಕ್ಷೆ ಮಾಡಿಸಿಕೊಳ್ಳಿ, ಬೆಂಕಿಕಡ್ಡಿ ಒಲೆ ಹಚ್ಚುವುದಕ್ಕೆ ಮಾತ್ರ ಎಂದು ಹೇಳಿದರು.

ಭಾವ ಮೊದಲು ಮಾಡಿದ್ದು ಹಾರ್ಮೋನಿಯಂ ನೋಡಿದ್ದಲ್ಲ. ನನ್ನ ಮೊಬೈಲ್ ಕಿತ್ತುಕೊಂಡು ಅಕ್ಕನಿಗೆ ಫೋನ್ ಮಾಡಿದ್ದು. ಇವರ ದನಿ ಕೇಳಿ ಅಕ್ಕ ಗಾಬರಿಯಾಗಿರಬೇಕು, ತಂಗಿಗೇನಾಯಿತು ಎಂದಳಂತೆ. ಭಾವ ಕಾರಿಡಾರಿನ ಆ ತುದಿಗೆ ಹೋದರು. ದೂರದಿಂದ ನನಗೆ ಕಂಡದ್ದು, ಅವರು ಹೂಂ ಹೂಂ ಎನ್ನುತ್ತಾ ಒಂದೇ ಸಮನೆ ತಲೆಯಾಡಿಸುತ್ತಿದ್ದದ್ದು. ಎರಡು ತಿಂಗಳ ಬಾಕಿ ಮಾತು, ಅಕ್ಕ ಸುಲಭಕ್ಕೆ ಬಿಡುವವಳಲ್ಲ. ಕೊನೆಗೆ ಒಂದು ಮಾತು ಮಾತ್ರ ಕೇಳಿಸಿತು.

"ಇವತ್ತೇ ಕಣೇ. ನಾಳೆ ಯಾಕೆ?"

ಆಮೇಲೆ ಬಂದು ಹಾರ್ಮೋನಿಯಂ ಮುಂದೆ ಕೂತರು. ಆರರಲ್ಲಿ ನಾಲ್ಕು ಸರಿಯಾಗಿಯೇ ಇದ್ದವು. ಎರಡರಲ್ಲಿ ಒಂದೊಂದು ಸ್ವರ ಕೂದಲೆಳೆ ಏರಿತ್ತು. ಹಲ್ಲು ಮೋಸ ಮಾಡಿಲ್ಲ ಎಂದು ಹೆಮ್ಮೆಯಿಂದಲೇ ಹೇಳಿ, ಬುಡ ಕೆರೆದು ಇಳಿಸಿದರು.

ಹನ್ನೊಂದಕ್ಕೆ ಎಲ್ಲರೂ ಶಾಲೆಯ ಅಂಗಳದಲ್ಲಿ ಬೆಂಚು ಹಾಕಿ ಕೂತರು. ಮೇಷ್ಟ್ರು ತಲೆಯಾಡಿಸಿದರು. ಮೊದಲು ಒಂದೇ ಸ್ವರ, ಎಲ್ಲರಿಂದಲೂ. ಅದು ನೆಲದಿಂದ ಎದ್ದ ಹಾಗೆ ಎದ್ದಿತು. ಎಲ್ಲೂ ನಡುಕವಿಲ್ಲ, ಒಡಕಿಲ್ಲ. ಭಾವ ನನ್ನ ಪಕ್ಕ ಕಣ್ಣುಮುಚ್ಚಿ ಕೂತಿದ್ದರು. ಸ್ವಲ್ಪ ಹೊತ್ತಿನ ಮೇಲೆ ಒಂದು ಕಣ್ಣು ತೆರೆದು ನನ್ನ ಕಡೆ ವಾಲಿದರು.

"ಡಾಕ್ಟರಮ್ಮನ ಮೌತ್ ಆರ್ಗನ್ನು, ನಾಲ್ಕನೇ ತೂತು, ಇಳಿದಿದೆ. ಹೇಳೋದೋ ಬೇಡ್ವೋ?"

ಹಾಡು ಮುಗಿದ ಮೇಲೆ ಹೇಳಿಯೇಬಿಟ್ಟರು. ಡಾಕ್ಟರಮ್ಮ ಒಪ್ಪಲಿಲ್ಲ, ಇಪ್ಪತ್ತು ವರ್ಷದಿಂದ ಹೀಗೇ ಊದುತ್ತಿದ್ದೇನೆ, ನನ್ನ ಕಿವಿಗೆ ಸರಿಯಾಗಿದೆ ಎಂದು ವಾದಿಸಿದರು.

ಊಟ ಮುಗಿಸಿ ಹೊರಡುವಾಗ ಭಾವ ಮೇಷ್ಟ್ರನ್ನೂ ಕೂಟಕ್ಕೆ ಬಂದಿದ್ದ ಅವರ ತಮ್ಮನನ್ನೂ ವ್ಯಾನಿಗೆ ಹತ್ತಿಸಿಕೊಂಡರು, ಒಂದು ಗಂಟೆಯ ಕೆಲಸವಿದೆ ಎಂದು. ಸಂಜೆ ನಾಲ್ಕಕ್ಕೆ ನನ್ನ ಮನೆಯ ಮೂರನೆಯ ಮಹಡಿ ಹತ್ತಿದೆವು. ಅಕ್ಕ ಅಮ್ಮನ ಬಟ್ಟೆಗಳನ್ನು ಎರಡು ಚೀಲಕ್ಕೆ ತುಂಬಿ ಬಾಗಿಲಲ್ಲಿಟ್ಟಿದ್ದಳು. ಗಂಡನನ್ನು ಒಮ್ಮೆ ಮೇಲಿನಿಂದ ಕೆಳಗೆ ನೋಡಿದಳು. ಅವರ ಅಂಗಿಯ ಕಾಲರಿಗಂಟಿದ್ದ ಸುಣ್ಣ ಕೊಡವಿದಳು.

ಅಮ್ಮನನ್ನು ಕೈಯಿರುವ ಕುರ್ಚಿಯಲ್ಲಿ ಕೂರಿಸಿ, ಸೊಂಟಕ್ಕೆ ದಿಂಬು ಕೊಟ್ಟು, ಸೀರೆಯಲ್ಲಿ ಬಿಗಿದೆವು. ಮೂವರು ಗಂಡಸರು ಹಿಡಿದು ಇಳಿಸಿದರು. ತಿರುವಿನಲ್ಲೆಲ್ಲ ಅಮ್ಮ ಅಪ್ಪಣೆ ಕೊಡುತ್ತಿದ್ದಳು, ಎಡಕ್ಕೆ, ಮೆಲ್ಲಗೆ, ಆ ಗೋಡೆಗೆ ತಾಗಿಸಬೇಡಿ ಎಂದು. ಭಾವ ಒಂದೊಂದಕ್ಕೂ "ಆಯ್ತು ಅತ್ತೆ" ಅನ್ನುತ್ತಿದ್ದರು. ಕೆಳಗೆ ಬೀದಿಗೆ ಬಂದಾಗ ಅಮ್ಮ ಕೈ ಎತ್ತಿ ನಿಲ್ಲಿಸಿದಳು. ವ್ಯಾನಿಗೆ ಈಗಲೇ ಬೇಡ, ಐದು ನಿಮಿಷ ಇಲ್ಲೇ ಇಡಿ ಎಂದಳು. ಕುರ್ಚಿಯನ್ನು ಫುಟ್‌ಪಾತಿನ ಮೇಲೆ ಇಟ್ಟೆವು. ಸೈಕಲ್ಲುಗಳು ಹೋದವು, ಇಸ್ತ್ರಿಯವನು ಬಂದು ಹೇಗಿದ್ದೀರಿ ಎಂದು ವಿಚಾರಿಸಿದ. ನಾನು ಮೆಟ್ಟಿಲ ಮೇಲೆ ಕೂತೆ. ಎರಡು ತಿಂಗಳಲ್ಲಿ ಮೊದಲ ಸಲ ಕಾಲು ಚಾಚಿ ಕೂತ ಹಾಗನಿಸಿತು.