ನೇರಳೆ ಮರದ ಕಟ್ಟೆ

ಎಲೆ ಉದುರುವ ಕಾಲ ಬಂತೆಂದರೆ ನಮ್ಮ ಬೀದಿಯಲ್ಲಿ ಎಲ್ಲರ ಬಾಯಲ್ಲೂ ಒಂದೇ ಮಾತು. "ಗುಡಿಸಿ ಗುಡಿಸಿ ಸೊಂಟ ಬಿದ್ದೋಯ್ತು ಕಣ್ರೀ." ನಾನೂ ಹಾಗೆ ಹೇಳುವವಳೇ. ಬೆಳಿಗ್ಗೆ ಗುಡಿಸಿ, ಪೊರಕೆ ಮೂಲೆಗಿಟ್ಟು, ಟೀ ಲೋಟ ಕೈಗೆತ್ತಿಕೊಳ್ಳುವಷ್ಟರಲ್ಲಿ ಅಂಗಳ ಮತ್ತೆ ಮೊದಲಿನಂತೆಯೇ ಇರುತ್ತದೆ. ಮರಕ್ಕೆ ನಾಚಿಕೆಯೂ ಇಲ್ಲ, ನಮ್ಮ ಸೊಂಟದ ಮೇಲೆ ಕರುಣೆಯೂ ಇಲ್ಲ.

ಹೀಗೆ ಗೊಣಗದ ಹೆಂಗಸು ನಮ್ಮ ಬೀದಿಯಲ್ಲಿ ಒಬ್ಬರೇ ಇದ್ದರು. ಪಕ್ಕದ ಮನೆಯ ಮೇಸ್ತ್ರಿಯವರ ಹೆಂಡತಿ. ನಾನು ಅವರನ್ನು ಅಕ್ಕ ಎನ್ನುತ್ತಿದ್ದೆ. ಅವರ ಅಂಗಳದಲ್ಲಿ ಒಂದು ನೇರಳೆ ಮರ. ಮಗಳು ಪುಟ್ಟ ಹೆಜ್ಜೆ ಇಡಲು ಕಲಿಯುತ್ತಿದ್ದಾಗ ಬೀದಿ ಮೂಲೆಯ ನರ್ಸರಿಯಿಂದ ತಂದು ನೆಟ್ಟದ್ದು. ನರ್ಸರಿ ನಡೆಸುವ ಮುದುಕಿಯನ್ನು ನಾವೆಲ್ಲ ಸಸಿಯಮ್ಮ ಎಂದೇ ಕರೆಯುವುದು. ಅವಳು ಹೇಳಿಕೊಟ್ಟಂತೆಯೇ ಅಕ್ಕ ಆ ಮರವನ್ನು ಸಾಕಿದರು.

ಉದುರಿದ ಎಲೆಗಳಿಗೆ ನಾವೆಲ್ಲ ಬೆಂಕಿ ಇಟ್ಟು, ಹೊಗೆ ಕುಡಿದು, ಕೆಮ್ಮುತ್ತಾ ಕೂರುತ್ತಿದ್ದೆವು. ಅಕ್ಕ ಮಾತ್ರ ಎಲೆಗಳನ್ನು ಬುಟ್ಟಿಗೆ ತುಂಬಿ ಮರದ ಸುತ್ತ ಹರಡುತ್ತಿದ್ದರು. ಕಾಂಡಕ್ಕೆ ತಾಗದಂತೆ ಒಂದು ಗೇಣು ಜಾಗ ಬಿಡುತ್ತಿದ್ದರು. ಬೇಸಿಗೆಯಲ್ಲಿ ಬುಡಕ್ಕೆ ನೀರು ಸುರಿಯದೆ, ಕೊಂಬೆಗಳ ನೆರಳು ಮುಗಿಯುವಲ್ಲಿ ಹಾಕುತ್ತಿದ್ದರು. ಮಳೆಗೆ ಮುಂಚೆ ಮಣ್ಣನ್ನು ಮೇಲುಮೇಲೆ ಸಡಿಲ ಮಾಡುತ್ತಿದ್ದರು. ಹಣ್ಣು ಮುಗಿದ ಮೇಲೆ ಒಣಗಿದ ಕಡ್ಡಿಗಳನ್ನು ಕತ್ತರಿಸುತ್ತಿದ್ದರು.

ಮೇಸ್ತ್ರಿಯವರಿಗೆ ಇದೆಲ್ಲ ತಮಾಷೆ.

"ಕಸ ಗುಡಿಸಿ ಹೊರಗೆ ಹಾಕೋರನ್ನ ನೋಡಿದೀನಿ. ಗುಡಿಸಿ ಮತ್ತೆ ಅಂಗಳಕ್ಕೇ ಹಾಕೋಳು ಅಂದ್ರೆ ನೀನೊಬ್ಬಳೇ."

"ನೀವು ಗೋಡೆಗೆ ಗಾರೆ ಮೆತ್ತುವಾಗ ನಾನೇನಾದ್ರೂ ಬಾಯಿ ಹಾಕಿದೀನಾ? ಸುಮ್ನಿರಿ. ಇದು ನನ್ನ ಕೆಲಸ."

ಹಣ್ಣಿನ ಕಾಲದಲ್ಲಿ ಇನ್ನೊಂದು ಜಗಳ. ಮೇಸ್ತ್ರಿಯವರು ತಮ್ಮ ಕೈಯಾರೆ ಮನೆಗೆ ಬಿಳಿ ನೆಲ ಹಾಕಿದ್ದರು. ಅಕ್ಕ ಬರಿಗಾಲಲ್ಲಿ ಹಣ್ಣು ಆರಿಸಿ ಹಾಗೆಯೇ ಒಳಗೆ ಬಂದರೆ ಬಾಗಿಲಿಂದ ಅಡುಗೆಮನೆಯವರೆಗೆ ನೇರಳೆ ಹೆಜ್ಜೆಗಳು. "ನೆಲ ಹಾಳಾಯ್ತು!" ಎಂದು ಇವರು ಕೂಗುವುದು, "ಒರೆಸಿದ್ರೆ ಹೋಗತ್ತೆ, ಬಾಯಿ ತೆಗೀರಿ" ಎಂದು ಅಕ್ಕ ಇವರ ಬಾಯಿಗೆ ಒಂದು ಹಣ್ಣು ಹಾಕುವುದು, ಗೋಡೆಯಾಚೆ ನನಗೆ ಎಲ್ಲವೂ ಕೇಳುತ್ತಿತ್ತು.

ಒಂದು ವರ್ಷ ಎಲೆ ಉದುರುವ ಕಾಲದಲ್ಲೇ ಅಕ್ಕನಿಗೆ ಜ್ವರ ಬಂತು. ಆಸ್ಪತ್ರೆಗೆ ಹೋದವರು ತಿರುಗಿ ಬರಲಿಲ್ಲ.

ಆಮೇಲೆ ಅಂಗಳದಲ್ಲಿ ಎಲೆ ಬಿದ್ದಲ್ಲೇ ಬಿದ್ದಿತ್ತು. ಮಗಳು ಪೊರಕೆ ಹಿಡಿದರೆ ಮೇಸ್ತ್ರಿಯವರು ಒಳಗೆದ್ದು ಹೋಗುತ್ತಿದ್ದರು. ಆ ಸದ್ದು ಅವರಿಗೆ ತಡೆಯಲಾಗುತ್ತಿರಲಿಲ್ಲ. ಅಳುವುದಕ್ಕೂ ಅವರಿಗೆ ಬರಲಿಲ್ಲ. ಬರುತ್ತಿದ್ದದ್ದು ಗಾರೆಯ ಕರಣೆ ಹಿಡಿಯುವುದೊಂದೇ. ಒಂದು ದಿನ ಇಟ್ಟಿಗೆ ಇಳಿಸಿಕೊಂಡರು, ಮರಳು ಇಳಿಸಿಕೊಂಡರು.

ಕಟ್ಟೆ ಎಂದರೆ ಕಟ್ಟೆ. ಮರದ ಸುತ್ತ ಸೊಂಟದೆತ್ತರ, ಒಳಗೆ ಹೊಸ ಮಣ್ಣು ತುಂಬಿ, ಕಾಂಡಕ್ಕೆ ಅಂಟಿಸಿ ಮೇಲೆ ಗಾರೆ. ಉಳಿದ ಅಂಗಳಕ್ಕೆಲ್ಲ ಸಿಮೆಂಟು. ನೀರು ಹಾಕಲು ಬುಡದಲ್ಲಿ ಅಂಗೈಯಗಲ ಒಂದು ಕಿಂಡಿ ಮಾತ್ರ. ಅಕ್ಕ ಕೈ ಜಾರಿಸಿ ಒಡೆದು, ಬಿಸಾಡದೆ ಡಬ್ಬದಲ್ಲಿ ಇಟ್ಟಿದ್ದ ಟೀ ಕಪ್ಪು-ಬಸಿಗಳ ಚೂರುಗಳನ್ನೆಲ್ಲ ತಂದು, ಕಟ್ಟೆಯ ಮುಂಭಾಗದಲ್ಲಿ ಹೂವಿನಂತೆ ಕೂರಿಸಿದರು. ನೀಲಿ ಗೆರೆಯ ಬಸಿ, ಕೆಂಪು ಅಂಚಿನ ಕಪ್ಪು. ಅವರು ಜೀವಮಾನದಲ್ಲಿ ಕಟ್ಟಿದ ಯಾವ ಮನೆಯೂ ಅಷ್ಟು ಚೆಂದ ಇರಲಿಲ್ಲ. ನೋಡಿದವರೆಲ್ಲ ಮೂಗಿನ ಮೇಲೆ ಬೆರಳಿಟ್ಟರು.

ಸಂಜೆ ಅಲ್ಲೇ ಕೂರುತ್ತಿದ್ದರು. ತುಟಿ ಅಲ್ಲಾಡುತ್ತಿತ್ತು. ಯಾರೊಡನೆ ಮಾತು ಎಂದು ಯಾರೂ ಕೇಳಲಿಲ್ಲ.

ಕಟ್ಟೆ ನೋಡಿ ಬೀದಿಗೆಲ್ಲ ಆಸೆ ಹತ್ತಿತು. ಸಿಮೆಂಟಾದರೆ ಗುಡಿಸುವುದು ಸುಲಭ, ಕೆಸರಿಲ್ಲ, ಹುಳವಿಲ್ಲ. ನಾನೂ ನಮ್ಮ ಮಾವಿನ ಮರಕ್ಕೆ ಕಟ್ಟಿಸಿಕೊಂಡೆ. ಎದುರು ಮನೆಯ ಟೈಲರು ಕಟ್ಟಿಸಿಕೊಂಡ. ಮೇಸ್ತ್ರಿಯವರು ಎಲ್ಲರಿಗೂ ಮನಸ್ಸಿಟ್ಟು ಕಟ್ಟಿಕೊಟ್ಟರು.

ಮುಂದಿನ ವರ್ಷ ನೇರಳೆಯ ಎಲೆ ಚಿಕ್ಕದಾಗಿ ಬಂತು. ಹಣ್ಣು ಬೆರಳಲ್ಲಿ ಎಣಿಸುವಷ್ಟು. ಅದರ ಮುಂದಿನ ವರ್ಷ ಕಾಲವಲ್ಲದ ಕಾಲದಲ್ಲಿ ಎಲೆ ಹಳದಿಯಾಗಿ ಉದುರಿತು, ಕೊಂಬೆಯ ತುದಿಗಳು ಒಣಗಿದವು. ಮರಕ್ಕೆ ಬಾಯಾರಿಕೆ ಎಂದುಕೊಂಡು ಮೇಸ್ತ್ರಿಯವರು ಕಿಂಡಿಗೆ ಕೊಡಗಟ್ಟಲೆ ನೀರು ಸುರಿದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗಾಯಿತು. ಮರ ಇನ್ನಷ್ಟು ಸೊರಗಿತು.

ಮಗಳು ತಡೆಯಲಾರದೆ ಸಸಿಯಮ್ಮನನ್ನು ಕರೆತಂದಳು. ನಾನೂ ಹೋದೆ. ಸಸಿಯಮ್ಮ ಮರದ ಮೇಲೆ ಕಣ್ಣೆತ್ತಿ ಸಹ ನೋಡಲಿಲ್ಲ. ನೇರ ಬುಡ ನೋಡಿದಳು.

"ಇದನ್ನ ಒಡೆದು ಹಾಕಪ್ಪ ಮೇಸ್ತ್ರಿ."

"ಏನನ್ನ?"

"ಕಟ್ಟೆನ. ಆದಷ್ಟು ಬೇಗ. ಅಂಗಳದ ಸಿಮೆಂಟೂ ತೆಗಿ."

ಮೇಸ್ತ್ರಿಯವರ ಮುಖ ಕಪ್ಪಿಟ್ಟಿತು. "ಸಸಿಯಮ್ಮ, ನೀವು ಹಿರಿಯರು ಅಂತ ಸುಮ್ಮನಿದ್ದೀನಿ. ಇದು ಬರೀ ಕಟ್ಟೆ ಅಲ್ಲ. ಇದು ಅವಳದ್ದು."

"ಅವಳದ್ದು ಮರ ಕಣಪ್ಪ. ಕಟ್ಟೆ ನಿಂದು."

ಮಗಳು ತಲೆ ತಗ್ಗಿಸಿ ಸೆರಗಿನ ಅಂಚು ಸುತ್ತುತ್ತಿದ್ದಳು.

"ಮರ ಅಂದ್ರೆ ಗಟ್ಟಿ," ಎಂದರು ಮೇಸ್ತ್ರಿಯವರು. "ಬೇರು ಪಾತಾಳಕ್ಕೆ ಹೋಗಿರತ್ತೆ. ಮೇಲೆ ಒಂದಿಷ್ಟು ಮಣ್ಣು, ಗಾರೆ ಹಾಕಿದ್ರೆ ಏನಾಗತ್ತೆ?"

"ಪಾತಾಳಕ್ಕಲ್ಲ. ಊಟ ತರೋ ಬೇರೆಲ್ಲ ಮೇಲೇ ಇರತ್ತೆ, ಒಂದು ಮೊಳದೊಳಗೆ. ಅದಕ್ಕೂ ಉಸಿರು ಬೇಕು. ಅದಿರಲಿ, ನೀನು ಮನೆ ಕಟ್ಟುವಾಗ ಗೋಡೆ ಮೇಲ್ಗಡೆ ಗಾಳಿ ಕಿಂಡಿ ಯಾಕೆ ಬಿಡ್ತೀಯ?"

"ಬಿಡದಿದ್ರೆ ಒಳಗೆ ಉಬ್ಬಸ ಆಗತ್ತೆ. ಗೋಡೆ ಬೂಸ್ಟು ಹಿಡಿಯತ್ತೆ."

"ಗೋಡೆ ಬುಡಕ್ಕೆ ಹಸಿ ಮಣ್ಣು ಒಟ್ಟಿದ್ರೆ?"

"ತೇವ ಏರಿ ಗಾರೆ ಉದುರತ್ತೆ. ಅದು ಯಾವ ಮೇಸ್ತ್ರಿಗೆ ಗೊತ್ತಿಲ್ಲ..."

ಹೇಳುತ್ತಲೇ ಅವರ ಕಣ್ಣು ಕಟ್ಟೆಯ ಕಡೆ ತಿರುಗಿತು. ಸಸಿಯಮ್ಮ ಕಿಂಡಿಯೊಳಗೆ ಕೈ ಹಾಕಿ, ಮಣ್ಣು ಕೆದಕಿ, ಕಾಂಡದ ಚೂರು ತೊಗಟೆ ತೆಗೆದು ಅವರ ಅಂಗೈ ಮೇಲಿಟ್ಟಳು. ಅದು ನೆನೆದ ರಟ್ಟಿನಂತೆ ಮೆತ್ತಗಾಗಿತ್ತು. ಮೇಸ್ತ್ರಿಯವರು ಮೂಸಿ ನೋಡಿದರು. ನೀರು ನಿಂತ ಅಡಿಪಾಯದ ವಾಸನೆ ಅವರಿಗೆ ಹೊಸದಲ್ಲ.

"ನೀನು ಪ್ರೀತಿಯಿಂದಲೇ ಕಟ್ಟಿದ್ದೀಯ, ಇಲ್ಲ ಅನ್ನಲ್ಲ," ಎಂದಳು ಸಸಿಯಮ್ಮ. "ಆದ್ರೆ ಮರಕ್ಕೆ ಕುತ್ತಿಗೆವರೆಗೂ ಮಣ್ಣು ಮುಚ್ಚಿಬಿಟ್ಟಿದೀಯ."

"ಅಪ್ಪಾ," ಎಂದಳು ಮಗಳು. ಅವಳ ದನಿ ಒಡೆದಿತ್ತು. "ಅಮ್ಮನ್ನ ಒಂದ್ಸಲ ಕಳ್ಕೊಂಡಿದೀನಿ. ಇನ್ನೊಂದ್ಸಲ ನನ್ನ ಕೈಲಾಗಲ್ಲ."

ಮೇಸ್ತ್ರಿಯವರು ಆ ಕಪ್ಪು-ಬಸಿಯ ಹೂವನ್ನು ಬೆರಳಿನಿಂದ ಸವರಿದರು. ಆಮೇಲೆ, "ಈ ಮಳೆಗಾಲ ಒಂದು ಕಳೀಲಿ. ಆಮೇಲೆ ನೋಡೋಣ" ಎಂದು ಒಳಗೆ ಹೋದರು.

ಮಳೆಗೆ ಮುಂಚೆಯೇ ಆಗಬೇಕು ಎಂದು ಸಸಿಯಮ್ಮ ಕಿಟಕಿಯ ಹೊರಗೆ ನಿಂತು ಹೇಳಿದಳು. ಮೇಸ್ತ್ರಿಯವರು ಕಿಟಕಿ ಹಾಕಿಕೊಂಡರು. ಅವರನ್ನು ಬೈಯಲು ನನಗೆ ಇವತ್ತಿಗೂ ಮನಸ್ಸು ಬರುವುದಿಲ್ಲ. ಹೆಂಡತಿಗಾಗಿ ಮಾಡಿದ ಕೊನೆಯ ಕೆಲಸಕ್ಕೆ ನೀನೇ ಸುತ್ತಿಗೆ ಎತ್ತು ಎಂದರೆ ಯಾರ ಕೈ ಏಳುತ್ತದೆ, ಹೇಳಿ?

ಮಳೆ ಆ ವರ್ಷ ಚೆನ್ನಾಗಿ ಬಂತು. ಕಟ್ಟೆಯೊಳಗೆ ಇಳಿದ ನೀರು ಹೊರಗೆ ಹೋಗಲು ದಾರಿ ಇರಲಿಲ್ಲ. ಮಳೆ ನಿಂತ ಒಂದು ಬೆಳಿಗ್ಗೆ, ಗಾಳಿಯ ಸುಳಿವೂ ಇಲ್ಲ, ಮಗಳು ಹಗ್ಗದ ಮೇಲೆ ಬಟ್ಟೆ ಹರವುತ್ತಿದ್ದಳು. ಲಟಲಟ ಸದ್ದಾಯಿತು. ನಾನು ಗೋಡೆಯಾಚೆಯಿಂದ ಇಣುಕುವಷ್ಟರಲ್ಲಿ ದೊಡ್ಡ ಕೊಂಬೆಯೊಂದು ಕಟ್ಟೆಯ ಮೇಲೆ ಬಿದ್ದಿತ್ತು, ಮೇಸ್ತ್ರಿಯವರು ಸಂಜೆ ಕೂರುವ ಜಾಗದ ಮೇಲೆಯೇ. ಮಗಳು ಒದ್ದೆ ಬಟ್ಟೆ ಎದೆಗವಚಿಕೊಂಡು ಗೋಡೆಗೆ ಅಂಟಿ ನಿಂತಿದ್ದಳು. ಅವಳಿಗೆ ಏನೂ ಆಗಿರಲಿಲ್ಲ. ಅಷ್ಟು ಪುಣ್ಯ.

ಮೇಸ್ತ್ರಿಯವರು ಓಡಿ ಬಂದು ಮಗಳ ತಲೆ, ಭುಜ, ಕೈ ಎಲ್ಲ ಮುಟ್ಟಿ ನೋಡಿದರು. ಅವಳನ್ನು ಒಳಗೆ ಕಳಿಸಿ, ಒಣಗಿದ ಇನ್ನೊಂದು ಕೊಂಬೆಗೆ ಹಗ್ಗ ಬಿಗಿದು ಇಳಿಸಿದರು. ಆಮೇಲೆ ಸುತ್ತಿಗೆ, ಉಳಿ, ಹಾರೆ ತಂದರು. ಮೊದಲು ಆ ಹೂವನ್ನು ಸುತ್ತಲೂ ಉಳಿಯಿಂದ ಬಿಡಿಸಿ, ಇಡೀ ತುಂಡನ್ನು ಮಗುವನ್ನು ಎತ್ತಿದ ಹಾಗೆ ಎತ್ತಿ ಒಳಗಿಟ್ಟರು. ಉಳಿದದ್ದನ್ನು ಒಡೆದರು. ಒಡೆಯುತ್ತಾ ಅತ್ತರು. ಅಕ್ಕ ಹೋದ ದಿನದಿಂದ ಅವರು ಅತ್ತದ್ದು ಅದೇ ಮೊದಲು. ನಾವು ಬೀದಿಯ ಹೆಂಗಸರು ಸೆರಗು ಸಿಕ್ಕಿಸಿಕೊಂಡು ಇಟ್ಟಿಗೆ ಹೊತ್ತೆವು. ಸಸಿಯಮ್ಮ ಬೇರಿಗೆ ಪೆಟ್ಟಾಗದಂತೆ ಕೈಯಿಂದಲೇ ಮಣ್ಣು ತೆಗೆದಳು. ಹಳೆಯ ನೆಲ ಕಂಡಾಗ ಅದರ ಮೇಲೆ ಕಪ್ಪಗೆ ಅಂಟಿಕೊಂಡಿದ್ದ ಎಲೆಗಳನ್ನು ತೋರಿಸಿದಳು.

"ನೋಡು, ಇದು ಅವಳು ಕೊನೇ ಸಲ ಹರಡಿದ್ದು."

ಅದನ್ನು ಯಾರೂ ಮುಟ್ಟಲಿಲ್ಲ.

ನಾವೆಲ್ಲ ಕಾದೆವು. ಚಳಿ ಕಳೆಯಿತು. ಉದುರಲು ಎಲೆಯೇ ಇರಲಿಲ್ಲ. ಬೀದಿಯ ಉಳಿದ ಮರಗಳು ಚಿಗುರಿದವು. ಮೇಸ್ತ್ರಿಯವರು ದಿನಾ ಬೆಳಿಗ್ಗೆ ಉಗುರಿನಿಂದ ಕಾಂಡವನ್ನು ಗೀರಿ, ಒಳಗೆ ಹಸಿರಿದೆಯೇ ಎಂದು ನೋಡುತ್ತಿದ್ದರು. ಒಂದು ದಿನ ನೋಡುವುದನ್ನು ನಿಲ್ಲಿಸಿದರು. ಸಸಿಯಮ್ಮನೂ ತಲೆ ಅಲ್ಲಾಡಿಸಿದಳು. ಮರವನ್ನು ಕಡಿಸಬೇಕಾಯಿತು. ಕಡಿಯುವ ದಿನ ಮಗಳು ಬಾಗಿಲು ಹಾಕಿಕೊಂಡು ಒಳಗೇ ಇದ್ದಳು.

ಅಟ್ಟ ಮೇಲೆ ಒಲೆ ಉರಿಯಿತು, ಕೆಟ್ಟ ಮೇಲೆ ಬುದ್ಧಿ ಬಂತು ಎನ್ನುತ್ತಾರೆ. ಹೌದು. ಆದರೆ ಆ ಬುದ್ಧಿಯನ್ನು ಮೇಸ್ತ್ರಿಯವರು ಮನೆಯೊಳಗೆ ಇಟ್ಟುಕೊಂಡು ಕೂರಲಿಲ್ಲ. ಮರ ಕಡಿಸಿದ ಮಾರನೇ ಬೆಳಿಗ್ಗೆ ಸುತ್ತಿಗೆ ಹಿಡಿದು ನಮ್ಮ ಬಾಗಿಲಲ್ಲಿ ನಿಂತಿದ್ದರು.

"ತಂಗ್ಯಮ್ಮ, ನಿಮ್ಮ ಕಟ್ಟೆ ಒಡೀಬೇಕು."

"ಅಯ್ಯೋ, ನಮ್ಮ ಮರಕ್ಕೇನಾಗಿದೆ ಅಣ್ಣ? ಚೆನ್ನಾಗೇ ಇದೆ."

"ನಮ್ಮದೂ ಮೊದಲನೇ ವರ್ಷ ಚೆನ್ನಾಗೇ ಇತ್ತು."

ನಾನು ಪಕ್ಕಕ್ಕೆ ಸರಿದು ದಾರಿ ಬಿಟ್ಟೆ. ಬುಡದ ಗಾರೆ ಎತ್ತಿದಾಗ ನಮ್ಮ ಮಾವಿನ ತೊಗಟೆಯೂ ಒಂದು ಕಡೆ ಮೆತ್ತಗಾಗಲು ಶುರುವಾಗಿತ್ತು. ಮಣ್ಣು ಸರಿಸಿ, ಗಾಳಿ ಬಿಟ್ಟು, ಒಣಗಲು ಬಿಟ್ಟೆವು. ಅದು ಉಳಿಯಿತು. ಟೈಲರನ ಮನೆಯದೂ ಉಳಿಯಿತು. ತಾವು ಕಟ್ಟಿದ್ದ ಒಂದೊಂದು ಕಟ್ಟೆಯನ್ನೂ ಅವರೇ ಹೋಗಿ ಒಡೆದರು. ಕೆಲವರು ಬೈದರು, ಕೆಲವರು ನಕ್ಕರು. ಅವರು ಬೈಸಿಕೊಂಡೇ ಒಡೆದರು.

ನಮ್ಮ ಊರಿನ ಸಂಘದ ಸಭೆಯಲ್ಲಿ ಈ ಕಥೆ ಓದಲೇ ಎಂದು ಕೇಳಿದಾಗ ಮೇಸ್ತ್ರಿಯವರು, "ಓದಮ್ಮ. ನನ್ನ ತಪ್ಪು ಅಂತಲೇ ಓದು" ಎಂದರು. ಆ ಕಪ್ಪು-ಬಸಿಯ ಹೂವು ಈಗ ಅವರ ಅಡುಗೆಮನೆಯ ಗೋಡೆಯಲ್ಲಿದೆ. ಅಂಗಳದಲ್ಲಿ ಸಸಿಯಮ್ಮ ಕೊಟ್ಟ ಹೊಸ ನೇರಳೆ ಸಸಿ ಇದೆ, ಮೊಣಕಾಲೆತ್ತರ. ಹಣ್ಣು ಬಿಡಲು ವರ್ಷಗಳು ಬೇಕು. ಮೊನ್ನೆ ಹೋಗಿದ್ದಾಗ ಅವರು ಮನೆಯೊಳಗಿನ ಬಿಳಿ ನೆಲ ನೋಡುತ್ತಾ ಕೂತಿದ್ದರು. "ಎಷ್ಟು ಬೆಳ್ಳಗಿದೆ ನೋಡಮ್ಮ, ಒಂದು ಕಲೆ ಇಲ್ಲ" ಎಂದರು.

ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ಇದನ್ನು ಕೇಳಿದ ಮೇಲೆ ಒಮ್ಮೆ ಹೊರಗೆ ಹೋಗಿ ನಿಮ್ಮ ಮರದ ಬುಡ ಮುಟ್ಟಿ ನೋಡಿ. ಕೈಗೆ ಮಣ್ಣು ಸಿಗುತ್ತದೆಯೋ, ಸಿಮೆಂಟು ಸಿಗುತ್ತದೆಯೋ? ಸಿಮೆಂಟು ಇದ್ದರೆ ಬೇರಿಗೆ ಪೆಟ್ಟಾಗದಂತೆ ಒಡೆಯಿರಿ, ಮಳೆಗೆ ಮುಂಚೆಯೇ ಒಡೆಯಿರಿ. ಎಷ್ಟು ಅಗಲ ಬಿಡಲಾಗುತ್ತದೆಯೋ ಅಷ್ಟು ನೆಲ ಬಿಡಿ. ಕಾಂಡಕ್ಕೆ ಮಣ್ಣು ಏರಿಸಬೇಡಿ. ಉದುರಿದ ಎಲೆಗೆ ಬೆಂಕಿ ಇಡಬೇಡಿ, ನಾಲ್ಕು ಬೆರಳು ದಪ್ಪ ಹರಡಿ, ಬುಡದಿಂದ ಒಂದು ಗೇಣು ದೂರವಿಡಿ. ಕೊಂಬೆ ಒಣಗಿದ್ದರೆ ಅದರ ಕೆಳಗೆ ಮಕ್ಕಳನ್ನು ಬಿಡಬೇಡಿ, ತಿಳಿದವರನ್ನು ಕರೆಸಿ. "ಈ ಮಳೆಗಾಲ ಕಳೀಲಿ" ಎನ್ನುವ ಮಾತು ಮಾತ್ರ ಬೇಡ.

ಹೇಗೆ ಮಾಡಬೇಕೆಂದು ತಿಳಿಯದಿದ್ದರೆ ನಮ್ಮ ಮೇಸ್ತ್ರಿಯವರನ್ನು ಕರೆಯಿರಿ, ಬರುತ್ತಾರೆ. ಬುಟ್ಟಿಯಲ್ಲಿ ಎಲೆ ತುಂಬಿ, ಬಗ್ಗಿ, ಬುಡದಿಂದ ಗೇಣು ಅಳೆದು ಹರಡಿ ತೋರಿಸುತ್ತಾರೆ. ಥೇಟು ಅಕ್ಕ ಮಾಡುತ್ತಿದ್ದ ಹಾಗೆಯೇ. ಅದನ್ನು ನೋಡಲು ಅಕ್ಕ ಇಲ್ಲ.